ನೆಟ್ಟಗೆ ನಿಂತ ನೂಲು

ಮೊಮ್ಮಗಳ ಶಾಲೆಯಿಂದ ಚೀಟಿ ಬಂದಿತ್ತು. ಗಾಳಿಯಂತ್ರದ ಮಾದರಿ ಮಾಡಿ ತರಬೇಕು, ತಂದೆತಾಯಿಗಳು ನೆರವಾಗಬಾರದು. ಅದನ್ನು ಗಟ್ಟಿಯಾಗಿ ಓದಿದವನು ನನ್ನ ಮಗ. ಓದಿ ಮುಗಿಸಿದವನೇ ಪಂಚೆ ಎತ್ತಿಕಟ್ಟಿ ಥರ್ಮೋಕೋಲು ಕೊಯ್ಯಲು ಕೂತ. ಸೊಸೆ ಬಣ್ಣ ಕಲಸಿದಳು. ಮಾಡಬೇಕಾಗಿದ್ದ ಹುಡುಗಿ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಕಡಲೆಕಾಯಿ ಸುಲಿದು ತಿನ್ನುತ್ತಾ, ರೆಕ್ಕೆ ಸೊಟ್ಟಗಿದೆ, ಕಂಬ ಗಿಡ್ಡವಾಯಿತು ಎಂದು ಮೇಲ್ವಿಚಾರಣೆ ನಡೆಸಿದ್ದಳು. ನನಗೆ ಒಳಗೊಳಗೇ ನಗು.

ಅಷ್ಟರಲ್ಲಿ ಅಂಟು ಮುಗಿಯಿತು. ಹಳೆಯ ಟ್ರಂಕಿನಲ್ಲಿ ಒಂದು ಡಬ್ಬಿ ಇದ್ದ ನೆನಪಾಗಿ ತಡಕಿದೆ. ಸಿಕ್ಕಿದ್ದು ಅಂಟಲ್ಲ, ನೂಲು ತೆಗೆಯುವ ತಕಲಿ. ರೂಪಾಯಿಯಷ್ಟಗಲದ ಹಿತ್ತಾಳೆ ಬಿಲ್ಲೆ, ಅದರ ನಡುವೆ ತೂರಿಸಿದ ಗೇಣುದ್ದದ ಉಕ್ಕಿನ ಕಡ್ಡಿ, ಕಡ್ಡಿಯ ತುದಿಗೆ ಒಂದು ಪುಟ್ಟ ಕೊಕ್ಕೆ. ಅದರ ಪಕ್ಕದಲ್ಲಿ ಹಳೇ ಸೀರೆಯ ಚೂರಿನಲ್ಲಿ ಸುತ್ತಿಟ್ಟ ಒಂದು ನೂಲಿನ ಲಡಿ. ಲಡಿ ಎಂದರೆ ಗೊತ್ತಲ್ಲ, ನೂತ ಎಳೆಯನ್ನು ಸುತ್ತಿ ಸುತ್ತಿ, ತಿರುಚಿ ಕಟ್ಟಿದ ಕಂತೆ. ಕೈಯಲ್ಲಿ ಹಿಡಿದರೆ ಜಡೆಯ ಹಾಗೆ ಜೋತುಬೀಳಬೇಕು. ಈ ಲಡಿ ಜೋತುಬೀಳುವುದಿಲ್ಲ. ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತದೆ. ಅರವತ್ತು ವರ್ಷ ದಾಟಿತು, ನನ್ನ ಮೊಣಕಾಲೇ ನೆಟ್ಟಗೆ ನಿಲ್ಲುವುದಿಲ್ಲ, ಅದು ನಿಲ್ಲುತ್ತದೆ.

ಮೊಮ್ಮಗಳು ಕಡಲೆಕಾಯಿ ಬಿಟ್ಟು ಇಳಿದು ಬಂದಳು. ಇದು ಬುಗುರಿನಾ ಅಜ್ಜಿ, ಅಂದಳು. ಬುಗುರಿ ಅಲ್ಲ ಕಣೇ, ನಿಮ್ಮಪ್ಪ ಈಗ ಮಾಡ್ತಿದ್ದಾನಲ್ಲ, ಅದೇ ಕೆಲಸವನ್ನ ನಮ್ಮವ್ವ ಇದರಲ್ಲಿ ಮಾಡಿದ್ದಳು ಅಂದೆ. ಮಗ ಕತ್ತರಿ ಕೆಳಗಿಟ್ಟ. ಕಥೆ ಅಲ್ಲಿಂದ ಶುರುವಾಯಿತು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ, ಇಂಥದ್ದನ್ನು ಒಂದೇ ಸಲ ಹೇಳಿ ಸುಮ್ಮನಿರಲು ನನ್ನಿಂದಾಗದು.

ನಮ್ಮೂರು ಶಿರಾ ಕಡೆಯ ತಾವರೆಕೆರೆಗೆ ಎರಡು ಮೈಲಿ. ನಮ್ಮದು ಕಂಬಳಿ ನೇಯುವ ಮನೆ. ಆ ಮನೆಯಲ್ಲಿ ಕೆಲಸವಿಲ್ಲದ ಜೀವ ಎಂದರೆ ಒಲೆಯ ಮುಂದಿನ ಬೆಕ್ಕು ಒಂದೇ. ಅಪ್ಪ ಬೆಳಗಾದರೆ ಗುಂಡಿಮಗ್ಗಕ್ಕೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಏಳಿಸಬೇಕು. ಅವ್ವ ಉಣ್ಣೆ ಬಿಡಿಸಿ, ನೂತು, ಲಡಿ ಮಾಡಿ ಅವನ ಕೈಗೆ ಕೊಡಬೇಕು. ಅವ್ವ ಹುಟ್ಟಿದ್ದು ಬುಕ್ಕಾಪಟ್ಟಣದ ಕಡೆ, ಕುರಿ ಹಿಂದೆ ಬೆಳೆದವಳು. ಅವಳು ನಡೆಯುತ್ತಾ ನೂಲುತ್ತಿದ್ದಳು, ಜಗಳವಾಡುತ್ತಾ ನೂಲುತ್ತಿದ್ದಳು, ಒಮ್ಮೆ ತೂಕಡಿಸುತ್ತಾ ನೂತದ್ದನ್ನೂ ನಾನು ಕಂಡಿದ್ದೇನೆ.

ವರ್ಷಕ್ಕೆರಡು ಸಲ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದರು. ಆಗ ಮನೆಯೊಳಗೆ ಕರಿ ಉಣ್ಣೆಯ ಗುಡ್ಡೆ ಬೀಳುತ್ತಿತ್ತು. ಅದನ್ನು ಬಿಡಿಸಲು ಎಷ್ಟು ಕೈ ಇದ್ದರೂ ಸಾಲದು. ನಾನು ಎರಡನೇ ಕ್ಲಾಸು ಮುಗಿಸಿದ ಹೊತ್ತಿಗೆ ಅಪ್ಪನ ಕಣ್ಣು ನನ್ನ ಎರಡು ಕೈಗಳ ಮೇಲೆ ಬಿತ್ತು. ಹೆಣ್ಣುಮಗಳು ಓದಿ ಯಾವ ಅಮಲ್ದಾರಿಕೆ ಮಾಡಬೇಕು, ಮನೆಯಲ್ಲಿದ್ದು ನೂಲುವುದು ಕಲಿಯಲಿ ಎಂದ. ಅವ್ವ ವಾದ ಮಾಡುವವಳಲ್ಲ. ಒಂದೇ ಮಾತು ಹೇಳಿದಳು.

"ಇಸ್ಕೂಲ್ನಾಗೂ ನೂಲೋದೇ ಕಲುಸ್ತಾರಂತೆ ಕಣಯ್ಯ. ಸರ್ಕಾರದೋರು ಕದಿರು ಕೊಟ್ಟವ್ರೆ."

ಅದು ಸುಳ್ಳಲ್ಲ. ಆ ದಿನಗಳಲ್ಲಿ ಶಾಲೆಯಲ್ಲಿ ಕೈಕಸಬು ಕಲಿಸಬೇಕು ಎಂದು ಕಟ್ಟಳೆಯಾಗಿತ್ತು. ಅವ್ವ ಕದಿರು ಎಂದ ತಕಲಿ ಒಂದು ಪೆಟ್ಟಿಗೆ, ಹತ್ತಿ ಒಂದು ಮೂಟೆ ಬಂದಿತ್ತು. ವಾರಕ್ಕೊಂದು ಲಡಿ ನೂತು ಒಪ್ಪಿಸಬೇಕು. ಅಪ್ಪ ಗಡ್ಡ ಕೆರೆದುಕೊಂಡು ಯೋಚನೆ ಮಾಡಿ, ಸರಿ, ಪ್ರತಿ ಶನಿವಾರ ಅವಳು ನೂತದ್ದನ್ನು ನನಗೆ ತಂದು ತೋರಿಸಲಿ, ಚೆನ್ನಾಗಿದ್ದರೆ ಹೋಗಲಿ, ಇಲ್ಲವಾದರೆ ಉಣ್ಣೆಯ ಮುಂದೆ ಕೂರಲಿ ಎಂದ. ನನ್ನ ಓದು ಹೀಗೆ ಒಂದು ಎಳೆ ನೂಲಿಗೆ ನೇತುಬಿತ್ತು.

ಈಗ ನಮ್ಮ ಮೇಷ್ಟ್ರ ವಿಷಯ. ಕೊಳಾಲದ ಕಡೆಯವರು, ಸಣಕಲು ಮೈ, ಮೂಗಿನ ತುದಿಗೆ ಕನ್ನಡಕ. ಮಗ್ಗಿ, ಪದ್ಯ, ಕೊಟ್ಟಿಗೆಯ ಹಸುವಿಗೂ ತಲೆಗೆ ಹತ್ತುವ ಹಾಗೆ ಕಲಿಸುತ್ತಿದ್ದರು. ನೂಲು ಮಾತ್ರ ಅವರಿಗೆ ಒಲಿಯಲಿಲ್ಲ. ತಕಲಿ ತಿರುಗಿಸಿದರೆ ಅದು ಅವರ ಕೈಬಿಟ್ಟು ಬೆಂಚಿನಡಿಗೆ ಓಡುತ್ತಿತ್ತು. ಹರಿದರೆ ಹೆದರಬೇಡಿ, ಗಂಟು ಹಾಕಿ ಎನ್ನುತ್ತಿದ್ದರು. ಅವರ ನೂಲಿನಲ್ಲಿ ನೂಲಿಗಿಂತ ಗಂಟೇ ಹೆಚ್ಚು. ಗುರುವಿಗೆ ತಕ್ಕ ಶಿಷ್ಯೆಯಾಗಿ ನಾನು ನೂತ ಎಳೆ ಒಂದು ಕಡೆ ಲಾಡಿಯಷ್ಟು ದಪ್ಪ, ಇನ್ನೊಂದು ಕಡೆ ಜೇಡರ ಬಲೆಯಷ್ಟು ತೆಳು. ನೂಲುವ ಮನೆಯ ಮಗಳು ಎಂದು ಹೇಳಿಕೊಳ್ಳಲೂ ನಾಚಿಕೆ.

ಮೇಷ್ಟ್ರಿಗೆ ಒಂದು ಹುಚ್ಚಿತ್ತು. ಸಂಜೆಯಾದರೆ ಕೊಡೆ ಹಿಡಿದು ಮನೆಮನೆಗೆ ಹೋಗುವುದು. ಮಕ್ಕಳನ್ನು ಶಾಲೆಗೆ ತಳ್ಳಿ ಬಾಗಿಲು ಹಾಕಿಕೊಂಡರೆ ಆಗಲಿಲ್ಲ, ಪಾಠದಲ್ಲಿ ನೀವೂ ಒಂದು ಕೈ ಹಾಕಬೇಕು ಎಂದು ಹೇಳುವುದು. ಗಂಡಸರು ಆಗ್ಲಿ ಬುಡಿ ಸಾಮಿ ಎಂದು ತಲೆಯಾಡಿಸಿ, ಅವರು ತಿರುವು ದಾಟುವ ಮುಂಚೆ ಮರೆತುಬಿಡುತ್ತಿದ್ದರು. ನಮ್ಮ ಮನೆಗೂ ಬಂದು ಹೇಳಿ ಹೋದರು. ಕೇಳಿಸಿಕೊಂಡದ್ದು ಅಪ್ಪನಲ್ಲ, ಬಾಗಿಲ ಹಿಂದೆ ನಿಂತಿದ್ದ ಅವ್ವ.

ಅವತ್ತಿನಿಂದ ಅವ್ವ ನನ್ನ ಪಾಠ ನೋಡತೊಡಗಿದಳು. ಅಕ್ಷರ ಬಾರದವಳು ಹೇಗೆ ನೋಡುತ್ತಾಳೆ? ಸ್ಲೇಟನ್ನು ಬೆಳಕಿಗೆ ಹಿಡಿದು, ರಾಗಿಯಲ್ಲಿ ಕಲ್ಲು ಆರಿಸುವವಳ ಹಾಗೆ ದಿಟ್ಟಿಸಿ, ಇದು ಚೆಂದಾಗೈತೆ, ಇದ್ಯಾಕೋ ಸೊಟ್ಟಗೈತೆ ಎನ್ನುತ್ತಿದ್ದಳು. ಅವಳು ಸೊಟ್ಟ ಎಂದದ್ದು ಹತ್ತಕ್ಕೆ ಎಂಟು ಸಲ ನಿಜವಾಗಿಯೂ ತಪ್ಪೇ ಆಗಿರುತ್ತಿತ್ತು. ಆದರೂ ಅವಳಿಗೆ ಸಮಾಧಾನವಿಲ್ಲ. ಒಂದು ಶುಕ್ರವಾರ ನಾನು ಜಗಲಿಯ ಮೇಲೆ ತಕಲಿಯ ಜೊತೆ ಗುದ್ದಾಡುತ್ತಿದ್ದೆ. ಕಣ್ಣಲ್ಲಿ ನೀರು, ಮರುದಿನ ಅಪ್ಪನಿಗೆ ತೋರಿಸಬೇಕು. ಅವ್ವ ಬಂದು ನಿಂತಳು. ಕೊಡಮ್ಮಿ ಇಲ್ಲಿ ಎಂದು ತಕಲಿ ಕಸಿದುಕೊಂಡಳು. ಹತ್ತಿ ಅವಳಿಗೆ ಹೊಸದು. ಮೊದಲೆರಡು ಸಲ ಅವಳದ್ದೂ ಹರಿಯಿತು. ಅತ್ತಿ ಬಲೇ ಮುನುಸ್ಕಂತದೆ, ಉಣ್ಣೆ ಇಂಗಲ್ಲ ಎಂದು ಗೊಣಗಿ, ಮೂರನೇ ಸಲಕ್ಕೆ ಅದನ್ನು ಪಳಗಿಸಿಬಿಟ್ಟಳು. ಆಮೇಲೆ ನೋಡಬೇಕಿತ್ತು ನೀವು. ತಕಲಿ ಗುಂಯ್ ಎಂದು ತಿರುಗುತ್ತಿದೆ, ಎಳೆ ಸರಸರ ಇಳಿಯುತ್ತಿದೆ, ಅವ್ವನ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಗೆಲುವು. ಇಡೀ ಶಾಲೆಯಲ್ಲಿ ಅವಳಿಗೆ ಗೊತ್ತಿದ್ದ ವಸ್ತು ಅದೊಂದೇ. ಅದು ಅವಳ ಕೈಗೆ ಸಿಕ್ಕಿಬಿಟ್ಟಿತ್ತು.

ಮರುದಿನ ಅಪ್ಪ ಲಡಿಯನ್ನು ಎರಡು ಬೆರಳ ನಡುವೆ ಹಿಡಿದು ಬಹಳ ಹೊತ್ತು ಉಜ್ಜಿದ. ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಅವ್ವನನ್ನು ನೋಡಿದ. ಮೇಷ್ಟ್ರು ಗಟ್ಟಿಗ ಕಣಮ್ಮಿ, ಅಂದು ಮಗ್ಗಕ್ಕೆ ಇಳಿದ. ನಾನು ಉಸಿರು ಬಿಟ್ಟೆ.

ನನ್ನ ಪಕ್ಕ ಕೂರುತ್ತಿದ್ದವಳು ಜೈನಬಿ. ಅವಳಪ್ಪ ಹಾಸಿಗೆ ದಿಂಬಿಗೆ ಹತ್ತಿ ಹೊಡೆಯುವವರು, ನಾವೆಲ್ಲ ಪಿಂಜಾರ ಸಾಬರು ಎನ್ನುತ್ತಿದ್ದೆವು. ದೊಡ್ಡ ಬಿಲ್ಲಿನ ತಂತಿ ಟೊಂಯ್ ಟೊಂಯ್ ಎಂದರೆ ಹತ್ತಿ ಮೋಡವಾಗಿ ಹಾರುತ್ತಿತ್ತು. ಮೇಷ್ಟ್ರು ಅವರ ಮನೆಗೂ ಹೋಗಿ ಅದೇ ಮಾತು ಹೇಳಿದ್ದರಲ್ಲ, ಸಾಬರು ಮಗಳ ಚೀಲದಲ್ಲಿದ್ದ ಸರ್ಕಾರಿ ಹತ್ತಿಯನ್ನು ತೆಗೆದು ನೋಡಿದರಂತೆ. ಬೀಜ, ಕಡ್ಡಿ, ಗಂಟು. "ಇದು ಹತ್ತಿ ಅಲ್ಲ ಬೇಟಾ, ಕಚ್ರಾ" ಎಂದು ಬಿಲ್ಲು ತೆಗೆದರಂತೆ. ಆಮೇಲೆ ಪ್ರತಿ ಗುರುವಾರ ಜೈನಬಿ ನಮಗಿಬ್ಬರಿಗೂ ಸಾಕಾಗುವಷ್ಟು ಹಂಜಿಯನ್ನು, ಅಂದರೆ ನೂಲಲು ಸುರುಳಿ ಮಾಡಿದ ಹತ್ತಿಯನ್ನು, ತರತೊಡಗಿದಳು. ಬೆಣ್ಣೆ ಮುಟ್ಟಿದ ಹಾಗಿರುತ್ತಿತ್ತು. ಸಾಬರ ಹಂಜಿ, ಅವ್ವನ ಕೈ. ಜೈನಬಿಯ ತಕಲಿಯೂ ನಮ್ಮ ಮನೆಗೇ ಬರುತ್ತಿತ್ತು. ನಾವಿಬ್ಬರೂ ಕುಂಟೆಬಿಲ್ಲೆ ಆಡುತ್ತಿದ್ದೆವು.

ನಮ್ಮ ಲಡಿಗಳನ್ನು ಕಂಡು ಮೇಷ್ಟ್ರು ಹಿಗ್ಗಿಹೋದರು. ಪಾಪ, ತಾವೇ ಕಲಿಸಿದ್ದು ಎಂದುಕೊಂಡರು. ಆ ಹಿಗ್ಗಿನಲ್ಲಿ ಸುಮ್ಮನಿರದೆ ಶಿರಾದ ಶಾಲಾ ಇನ್‌ಸ್ಪೆಕ್ಟರಿಗೆ ಕಾಗದ ಬರೆದುಬಿಟ್ಟರು. ಮಧುಗಿರಿಯಲ್ಲಿ ಮಕ್ಕಳ ಕೈಕೆಲಸದ ಪ್ರದರ್ಶನ ಆಗುವುದಿತ್ತು, ಇನ್‌ಸ್ಪೆಕ್ಟರು ತಾವೇ ಬಂದು ನಮ್ಮ ನೂಲನ್ನು ನೋಡಿ ಆರಿಸುತ್ತಾರೆ ಎಂದು ಉತ್ತರ ಬಂತು. ಮೇಷ್ಟ್ರು ಅದನ್ನು ಕ್ಲಾಸಿನಲ್ಲಿ ಓದಿ, ಸಿದ್ದಮ್ಮ ಎಲ್ಲರ ಮುಂದೆ ನೂತು ತೋರಿಸುತ್ತಾಳೆ ಎಂದರು. ಸಿದ್ದಮ್ಮ ಎಂದರೆ ನಾನು. ಹುಡುಗರೆಲ್ಲ ಚಪ್ಪಾಳೆ ಹೊಡೆದರು. ಜೈನಬಿ ನನ್ನ ತೊಡೆ ಚಿವುಟಿದಳು.

ಮನೆಗೆ ಓಡಿದೆ. ಇನ್‌ಸ್ಪೆಕ್ಟರು ಬರುತ್ತಾರೆ, ನೂಲು ನೋಡುತ್ತಾರೆ, ಇಷ್ಟು ಹೇಳಿದೆ. ನಾನೇ ನೂತು ತೋರಿಸಬೇಕು ಎನ್ನುವುದನ್ನು ಹೇಳಲು ಧೈರ್ಯ ಬರಲಿಲ್ಲ. ಅವ್ವನಿಗೆ ಮದುವೆ ಮನೆಯ ಸಡಗರ ಹತ್ತಿತು. ಎರಡು ದಿನ ಬೇರೆ ಕೆಲಸ ಮುಟ್ಟದೆ ಒಂದು ಲಡಿ ನೂತಳು. ಅಂಥ ನೂಲನ್ನು ಅವಳು ಮತ್ತೆಂದೂ ನೂಲಲಿಲ್ಲ. ಹಾಗೇ ಕೊಟ್ಟಿದ್ದರೆ ಎಲ್ಲ ನೆಟ್ಟಗಿರುತ್ತಿತ್ತೋ ಏನೋ. ಆದರೆ ದೊಡ್ಡವರು ಬಂದು ಎಳೆದು ನೋಡಿದಾಗ ಎಲ್ಲಾದರೂ ಹರಿದುಬಿಟ್ಟರೆ ಎಂಬ ಭಯ ಅವಳಿಗೆ. ನೂಲು ಗಟ್ಟಿಯಾಗಬೇಕಾದರೆ ಕಂಬಳಿ ನೇಯುವವರ ಮನೆಯಲ್ಲಿ ಏನು ಮಾಡುತ್ತಾರೆ? ಹುಣಿಸೆ ಬೀಜ ಹುರಿದು, ಬೀಸಿ, ಗಂಜಿ ಕಾಯಿಸಿ, ಮಗ್ಗದ ಹಾಸಿನ ಎಳೆಗಳಿಗೆ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಉಣ್ಣೆಗೆ ಅದು ಬೇಕೇ ಬೇಕು. ಅವ್ವ ಪ್ರೀತಿಯಿಂದ ಹತ್ತಿಯ ಲಡಿಯನ್ನೂ ಅದೇ ಗಂಜಿಯಲ್ಲಿ ಅದ್ದಿ ತೆಗೆದಳು. ನಮ್ಮ ಕಡೆಯ ಬಿಸಿಲು ಬೇರೆ, ಕೇಳಬೇಕೆ. ಬೆಳಗ್ಗೆ ಸೀರೆಯ ಚೂರಿನಲ್ಲಿ ಸುತ್ತಿ, ಬಿಚ್ಚಬ್ಯಾಡ, ಅವರ ಕೈಗೇ ಕೊಡು ಎಂದು ನನ್ನ ಚೀಲಕ್ಕೆ ಹಾಕಿದಳು.

ಇನ್‌ಸ್ಪೆಕ್ಟರು ಶಿರಾದಿಂದ ಬಸ್ಸಿನಲ್ಲಿ ಬಂದು, ತಾವರೆಕೆರೆಯಿಂದ ಎತ್ತಿನ ಗಾಡಿ ಹತ್ತಿ ಬಂದರು. ಕರಿಕೋಟು, ರುಮಾಲು. ನಮ್ಮ ಶಾಲೆ ಒಂದೇ ಕೋಣೆ, ಮರದ ಸಲಾಕೆಯ ಎರಡು ಕಿಟಕಿ. ಎರಡೂ ಕಿಟಕಿಗಳ ಆಚೆ ಊರು ನಿಂತಿತ್ತು. ಬಾಗಿಲೊಳಗೆ ಮಾತ್ರ ಒಬ್ಬರೂ ಕಾಲಿಡಲಿಲ್ಲ, ದೊಡ್ಡವರು ಒಳಗೆ ಬರುವ ರೂಢಿಯೇ ಇರಲಿಲ್ಲ. ಮೇಷ್ಟ್ರು ನನ್ನ ಗಂಟನ್ನು ಬಿಚ್ಚಿ ಲಡಿಯನ್ನು ಇನ್‌ಸ್ಪೆಕ್ಟರ್ ಸಾಹೇಬರ ಕೈಗಿತ್ತರು.

ಸಾಹೇಬರು ಲಡಿಯ ಒಂದು ತುದಿ ಹಿಡಿದರು. ಇನ್ನೊಂದು ತುದಿ ಜೋತುಬೀಳಲಿಲ್ಲ, ಬಾಣದ ಹಾಗೆ ಮುಂದಕ್ಕೆ ಚಾಚಿಕೊಂಡಿತ್ತು. ತಿರುಗಿಸಿ ಹಿಡಿದರು, ಆಗಲೂ ಅಷ್ಟೇ. ಮೇಜಿನ ಮೇಲೆ ನಿಲ್ಲಿಸಿದರು, ನಿಂತಿತು. ಬೆರಳಲ್ಲಿ ತಟ್ಟಿದರು, ಟಕ್ ಎಂದಿತು.

"ಮೇಷ್ಟ್ರೇ, ಇದನ್ನ ನೂತಿದ್ದೋ, ಕೆತ್ತಿದ್ದೋ?"

ಸಾಹೇಬರು ಅದನ್ನು ಮೂಸಿ ನೋಡಿ ನನ್ನ ಕಡೆ ತಿರುಗಿ, ಎಲ್ಲಿ, ನೂತು ತೋರಿಸಮ್ಮ ಎಂದರು. ತಕಲಿ ಹಿಡಿದೆ. ಹರಿಯಿತು. ಗಂಟು ಹಾಕಿದೆ. ಹರಿಯಿತು. ಮೂರನೇ ಸಲ ತಕಲಿಯೇ ಕೈಬಿಟ್ಟು, ಗುರುಗಳ ತಕಲಿಯ ಹಾಗೆಯೇ, ಬೆಂಚಿನಡಿಗೆ ಓಡಿತು. ಯಾರೋ ಕಿಸಕ್ಕೆಂದರು. ನನಗೆ ಕಂಡದ್ದು ಒಂದೇ ಚಿತ್ರ: ಮನೆಯೊಳಗಿನ ಕರಿ ಉಣ್ಣೆಯ ಗುಡ್ಡೆ, ಅದರ ಮುಂದೆ ನಾನು, ದಿನವೆಲ್ಲ, ವರ್ಷವೆಲ್ಲ. ಸಾಹೇಬರು ಕೇಳಿದರು, ಯಾರಮ್ಮ ನೂತದ್ದು?

ಕಿಟಕಿಯ ಸಲಾಕೆ ಹಿಡಿದು ನಿಂತಿದ್ದ ಅವ್ವನ ದನಿ ಕೇಳಿಸಿತು.

"ಮಗೀನ ಬಯ್ಯಬ್ಯಾಡಿ ಸಾಮಿ. ಅದು ನಾನ್ ನೂತಿದ್ದು. ಅತ್ತಿ ಸಾಬ್ರು ಒಡ್ಕೊಟ್ರು."

ಅವಳ ಹಿಂದೆ ಹೆಗಲ ಮೇಲೆ ಬಿಲ್ಲು ಹೊತ್ತು ನಿಂತಿದ್ದ ಸಾಬರು, ಹೆಸರು ಬಂದದ್ದೇ ತಡ, ಬಿಲ್ಲಿನ ಮರೆಗೆ ಸರಿಯಲು ನೋಡಿದರು. ಆಗಲಿಲ್ಲ. ಸಾಹೇಬರು ಎದ್ದು ಕಿಟಕಿಗೆ ಹೋಗಿ, ಯಾಕಮ್ಮ ಹೀಗೆ ಮಾಡಿದೆ ಎಂದು ಕೇಳಿದರು. ಗದರಿಸಿ ಕೇಳಲಿಲ್ಲ, ನಿಜವಾಗಿ ತಿಳಿಯಬೇಕು ಎನ್ನುವ ಹಾಗೆ ಕೇಳಿದರು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮಕ್ಳ ಪಾಟ ನೀವೂ ನೋಡ್ಕಳಿ ಅಂದ್ರು ಮೇಷ್ಟ್ರು. ಓದಾಕೆ ಬರಿಯಾಕೆ ನಂಗೆ ಬರಾಕಿಲ್ಲ. ಇದೊಂದು ಬತ್ತದೆ. ಅದ್ನೇ ಮಾಡ್ದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ತಪ್ಪು ನನ್ನದು ಸಾರ್, ಅಂದರು. ಮನೆಮನೆಗೆ ಹೋಗಿ ಕೈಹಾಕಿ ಅಂತ ಹೇಳಿ ಬಂದೆ. ಶಾಲೆಗೆ ಬನ್ನಿ ಅಂತ ಒಬ್ಬರಿಗೂ ಹೇಳಲಿಲ್ಲ. ಹೀಗೆಂದವರು ಬಾಗಿಲಿಗೆ ಹೋಗಿ ನಿಂತು, ಒಳಗೆ ಬನ್ನಿ ತಾಯಿ ಎಂದರು.

ಅವ್ವ ಗುಡಿಯ ಹೊಸ್ತಿಲು ಮುಟ್ಟುವ ಹಾಗೆ ನಮ್ಮ ಶಾಲೆಯ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ತಕಲಿಯನ್ನು ಬೆಂಚಿನಡಿಯಿಂದ ತಾನೇ ಹೆಕ್ಕಿಕೊಂಡಳು. ಆಮೇಲೆ ಏನು ಹೇಳಲಿ, ನಮ್ಮ ಕೋಣೆಗೆ ಜೀವ ಬಂತು. ಅವ್ವ ನಿಂತೇ ನೂತಳು, ನಡೆದಾಡುತ್ತಾ ನೂತಳು, ಸಾಲಿನ ಕೊನೆಯ ಹುಡುಗನಿಗೆ ಸಿಂಬಳ ಸೀಟಿಕೋ ಎಂದು ಗದರುತ್ತಾ ನೂತಳು, ಎಳೆ ಮಾತ್ರ ಒಂದೇ ಸಮ. ಹಿಂದಿನ ಸಾಲಿನವರು ಬೆಂಚು ಹತ್ತಿ ನಿಂತರು, ಮೇಷ್ಟ್ರು ಇಳಿಯಿರಿ ಎನ್ನಲಿಲ್ಲ. ಸಾಬರನ್ನು ಕರೆದರು. ಬಿಲ್ಲು ಬಾಗಿಲಲ್ಲಿ ಹಿಡಿಸದೆ ಓರೆ ಮಾಡಿ ತರಬೇಕಾಯಿತು. ಟೊಂಯ್ ಎಂದದ್ದೇ ಸಾಹೇಬರ ಕರಿಕೋಟಿನ ಮೇಲೆಲ್ಲ ಹತ್ತಿ. ಸಾಹೇಬರಿಗೂ ಆಸೆಯಾಯಿತು. ಕೋಟು ಬಿಚ್ಚಿ ತಕಲಿ ಹಿಡಿದರು. ಹರಿಯಿತು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು.

ಹೋಗುವಾಗ ಅವರು ಭೇಟಿ ಪುಸ್ತಕದಲ್ಲಿ ಬರೆದದ್ದನ್ನು ಮೇಷ್ಟ್ರು ಎಷ್ಟೋ ಸಲ ನಮಗೆ ಓದಿ ಹೇಳಿದ್ದರು. ಈ ಊರಿನ ತಂದೆತಾಯಿಗಳು ಪಾಠದಲ್ಲಿ ಅತಿಯಾಗಿ ಭಾಗವಹಿಸುತ್ತಿರುವುದು ಕಂಡುಬಂತು, ಇನ್ನು ಮುಂದೆ ಸದರಿಯವರು ಶಾಲೆಯ ಒಳಗೇ ಕೂತು ಭಾಗವಹಿಸತಕ್ಕದ್ದು. ಇದೇ ಅದರ ಸಾರ. ಮಧುಗಿರಿಗೆ ನಮ್ಮ ನೂಲು ಹೋಗಲಿಲ್ಲ. ಲಡಿಯನ್ನು ಸಾಹೇಬರು ಅವ್ವನ ಕೈಗೆ ವಾಪಸು ಕೊಟ್ಟರು.

ಇಲ್ಲಿಗೆ ಬಂದಾಗ ಮೊಮ್ಮಗಳು ತಡೆದಳು. ನಿಮ್ಮಪ್ಪ ಸ್ಕೂಲ್ ಬಿಡಿಸಿಬಿಟ್ಟರಾ, ಅಂದಳು. ಜಾಣೆ, ಎಳೆ ತಪ್ಪಿಸುವವಳಲ್ಲ. ನನಗೂ ಅವತ್ತು ಅದೇ ಚಿಂತೆ. ನಮಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು. ಅವ್ವ ಅಡುಗೆ ಒಲೆಯ ಕಡೆ ಜಾರಿಕೊಂಡಳು. ನಾನು ಮಗ್ಗದ ಪಕ್ಕ ಕಂಬಕ್ಕೆ ಒರಗಿ ನಿಂತೆ. ಅಪ್ಪ ನನ್ನತ್ತ ನೋಡದೆ ಲಾಳಿ ಎಸೆಯುತ್ತಲೇ ಇದ್ದ. ತಡೆಯಲಾರದೆ ನಾನೇ ಹೇಳಿಬಿಟ್ಟೆ, ಇಷ್ಟು ದಿನ ತೋರಿಸಿದ್ದೆಲ್ಲ ನನ್ನದಲ್ಲ ಅಪ್ಪ, ಅವ್ವ ನೂತದ್ದು.

"ಗೊತ್ತು ಕಣಮ್ಮಿ," ಅಂದ ಅಪ್ಪ. "ಮದ್ವೆ ಆದಾಗ್ನಿಂದ ಅವ್ಳ ನೂಲೇ ನೇಯ್ತಾ ಇವ್ನಿ. ಕಣ್ಮುಚ್ಕಂಡು ಮುಟ್ಟಿದ್ರೂ ಗುರ್ತು ಸಿಕ್ತದೆ."

"ಮತ್ಯಾಕೆ ಸುಮ್ಕಿದ್ದೆ?"

ಅಪ್ಪ ಲಾಳಿ ನಿಲ್ಲಿಸಿದ. ಒಲೆಯ ಕಡೆ ಒಮ್ಮೆ ನೋಡಿದ.

"ನಿನ್ನ ಇಸ್ಕೂಲ್ನಾಗೆ ಅವ್ಳಿಗೂ ಒಂದ್ ಕೆಲ್ಸ ಸಿಕ್ಕಿತ್ತಲ್ಲಮ್ಮಿ. ಆ ಎಳೇನ ನಾನ್ಯಾಕೆ ಹರೀಲಿ? ನಾಳೆ ಒತ್ತಿಗ್ ಮುಂಚೆ ಎದ್ದು ಇಸ್ಕೂಲ್ಗೋಗು."

ಅಪ್ಪನ ಬಗ್ಗೆ ನಾನು ಎಷ್ಟು ಕಡಿಮೆ ತಿಳಿದಿದ್ದೆ ಎಂದು ನನಗೆ ಈಗಲೂ ನಾಚಿಕೆಯಾಗುತ್ತದೆ.

ಮೇಷ್ಟ್ರು ಹಿಡಿದ ಕೆಲಸ ಬಿಡುವವರಲ್ಲ. ಪ್ರತಿ ಶನಿವಾರ ಊರಿನ ಒಬ್ಬ ತಂದೆಯೋ ತಾಯಿಯೋ ಕ್ಲಾಸಿಗೆ ಬಂದು ಕೂರಬೇಕು, ತಮಗೆ ಬರುವುದನ್ನು ಕಲಿಸಬೇಕು, ತಮಗೆ ಬಾರದ್ದನ್ನು ಕಲಿಯಬೇಕು ಎಂದು ಗೊತ್ತುಮಾಡಿದರು. ಮೊದಲ ಸರದಿ ಅವ್ವನದು. ಹಿಂದಿನ ದಿನ ಮೇಷ್ಟ್ರು ನನ್ನನ್ನು, ನಿಮ್ಮ ತಾಯಿಯ ಹೆಸರೇನು ಎಂದು ಕೇಳಿದಾಗ ನಾನು ಬೆಬ್ಬೆಬ್ಬೆ ಎಂದೆ. ಊರಿಗೆ ಅವಳು ಸಿದ್ದಿಯವ್ವ, ಅಪ್ಪನಿಗೆ ಲೇ ಇವ್ಳೆ. ಅವಳಿಗೊಂದು ಹೆಸರಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಮನೆಗೆ ಹೋಗಿ ಕೇಳಿಕೊಂಡು ಬಂದೆ.

ಶನಿವಾರ ಅವ್ವ ಮದುವೆಯ ಸೀರೆ ಉಟ್ಟು ಬಂದು ಹುಡುಗಿಯರ ಸಾಲಿನ ಕೊನೆಯಲ್ಲಿ, ನನ್ನ ಪಕ್ಕ ಕೂತಳು. ಮೇಷ್ಟ್ರು ಹಾಜರಿ ಪುಸ್ತಕ ತೆಗೆದರು. ಒಂದೊಂದೇ ಹೆಸರು, ಒಂದೊಂದೇ ಹಾಜರ್ ಸಾ. ಜೈನಬಿ ಆಯಿತು, ನಾನೂ ಆದೆ. ಪುಸ್ತಕ ಮುಚ್ಚಲಿಲ್ಲ. ಪೆನ್ನು ಕೆಳಗಿಟ್ಟು ಪೆನ್ಸಿಲ್ ತೆಗೆದುಕೊಂಡು ಕೊನೆಯ ಗೆರೆಯ ಕೆಳಗೆ ಏನೋ ಬರೆದರು.

"ಕರಿಯಮ್ಮ."

ಅವ್ವ ಯಾರಿರಬಹುದು ಎಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಗೋಡೆ. ಮೇಷ್ಟ್ರು ಕಾದರು. ಮತ್ತೊಮ್ಮೆ ಕರಿಯಮ್ಮ ಎಂದರು. ನಾನು ಮೊಣಕೈಯಿಂದ ತಿವಿದೆ. ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಇವ್ನಿ ಸಾಮಿ," ಅಂದಳು. "ಇಲ್ಲೇ ಇವ್ನಿ."

ಮೇಷ್ಟ್ರು ಅವಳ ಹೆಸರಿನ ಮುಂದೆ ಒಂದು ಹಾಜರಿ ಗೆರೆ ಎಳೆದರು.